ಎರಡು ತುಂಡು ಟಿಕೆಟ್

ಆ ಬೀದಿಯ ಹೊಲಿಗೆಯಕ್ಕ ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವಳಲ್ಲ. ಬಟ್ಟೆ ಅಂಗಡಿಯವರು ಥಾನಿನ ಕೊನೆಯ ತುಂಡುಗಳನ್ನು ಮೂಲೆಗೆ ಎಸೆಯುವವರೆಗೂ ಕಾದು, ಮೂರು ಕಾಸಿಗೆ ತಂದು ಜೋಡಿಸಿದಳೆಂದರೆ, ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗೆಯೇ ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿ, ಓದಿಸಿ, ನರ್ಸ್ ಮಾಡಿ ಪರದೇಶಕ್ಕೆ ಕಳಿಸಿದಳು. ಅವಳ ಜಾಣತನವನ್ನು ಆಡಿಕೊಳ್ಳುವ ಹಾಗಿಲ್ಲ, ಅದರಿಂದಲೇ ಆ ಮನೆಯ ಒಲೆ ಉರಿದದ್ದು.

ಈಗ ಆ ತಂಗಿಗೇ ಹೃದಯದ ಆಪರೇಷನ್. "ಅಕ್ಕಾ, ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು. ಬರ್ತೀಯ ಅಲ್ವಾ?" ಎಂದು ಫೋನಿನಲ್ಲಿ ಅತ್ತಳು. ಬರುತ್ತೇನೆ ಎಂದಳು ಅಕ್ಕ. ಆದರೆ ಅದು ಶಾಲೆಗಳಿಗೆಲ್ಲ ರಜೆ ಬಿಟ್ಟ ಕಾಲ. ಊರಿಗೆ ಊರೇ ವಿಮಾನ ಹತ್ತಲು ಹೊರಟಿತ್ತು. ಟಿಕೆಟ್ ಅಂಗಡಿಯವನು ಹೇಳಿದ ದರ ಕೇಳಿ ಅವಳು ಬಾಗಿಲ ಕಡೆ ತಿರುಗಿದಳು.

"ಇವತ್ತೇ ತಗೊಳ್ಳಿ ಅಕ್ಕ, ನಾಳೆ ಇನ್ನೂ ಜಾಸ್ತಿ ಆಗುತ್ತೆ."

"ಹೋಗಯ್ಯಾ. ಉಳಿದ ಮಾಲನ್ನ ಯಾರಾದ್ರೂ ಇಟ್ಕೊಂಡು ಪೂಜೆ ಮಾಡ್ತಾರಾ? ಕೊನೇಲಿ ಇಳಿಸ್ತಾರೆ ನೋಡು."

ಇಳಿಸಲಿಲ್ಲ. ದಿನವೂ ಹೋಗಿ ಅವನ ತಲೆ ತಿಂದಳು, ದಿನವೂ ದರ ಏರಿತು. ಕಾದು ಕೆಟ್ಟೆನೆಂದು ಒಳಗೊಳಗೇ ಗೊತ್ತಾಗಿತ್ತು, ಬಾಯಿಬಿಟ್ಟು ಒಪ್ಪಲಿಲ್ಲ. ಕೊನೆಗೆ ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಕಂಡಕಂಡ ಊರುಗಳ ಮೇಲೆ ಹಾದುಹೋಗುವ ದಾರಿಗಳನ್ನೆಲ್ಲ ಹುಡುಕಿಸಿದಳು. ಅರ್ಧ ದಾರಿಗೆ ಒಂದು ಕಂಪನಿಯದು, ಉಳಿದರ್ಧಕ್ಕೆ ಇನ್ನೊಂದರದು, ಅಗ್ಗದ ಎರಡು ಟಿಕೆಟ್ ಸಿಕ್ಕವು. ಆಪರೇಷನ್ನಿನ ಹಿಂದಿನ ಸಂಜೆಗೆ ತಲುಪಬಹುದಿತ್ತು.

"ಮೊದಲನೇದು ತಡ ಆದ್ರೆ ಎರಡನೇದು ನಿಮಗೋಸ್ಕರ ನಿಲ್ಲಲ್ಲ ಅಕ್ಕ. ಒಂದೇ ಟಿಕೆಟ್ ಆಗಿದ್ರೆ ಅವರೇ ಬೇರೆ ವಿಮಾನ ಹತ್ತಿಸ್ತಾರೆ. ಇದಕ್ಕೆ ಯಾರೂ ಜವಾಬ್ದಾರಿ ಅಲ್ಲ."

"ತುಂಡು ಜೋಡಿಸೋದನ್ನ ನನಗೇ ಹೇಳಿಕೊಡ್ತೀಯೇನಯ್ಯಾ?" ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು ಪಾಪ.

ಮೊದಲ ವಿಮಾನ ಹೊರಟದ್ದೇ ತಡವಾಗಿ. ನಡುದಾರಿಯ ಊರಿನಲ್ಲಿ ಇಳಿದವಳೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಬಾಗಿಲು ಮುಚ್ಚಿತ್ತು. ಕೌಂಟರಿನ ಹುಡುಗಿ ಎರಡೂ ಟಿಕೆಟ್ ತಿರುಗಿಸಿ ನೋಡಿ, ಇದಕ್ಕೂ ನಮಗೂ ಸಂಬಂಧವಿಲ್ಲವೆಂದು ತಲೆಯಾಡಿಸಿದಳು. ಹೊಲಿಗೆಯಕ್ಕ ಜಗಳವಾಡಿದಳು, ಕೈ ಮುಗಿದಳು, ಕೊನೆಗೆ ಇದ್ದಬದ್ದದ್ದೆಲ್ಲ ಸುರಿದು ಸಿಕ್ಕ ಹೊಸ ಟಿಕೆಟ್ ಕೊಂಡಳು. ತಂಗಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ವಿಮಾನ ತಡ, ಬೆಳಿಗ್ಗೆ ನೇರ ಆಸ್ಪತ್ರೆಗೇ ಬರುತ್ತೇನೆ ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಅದೇ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗ ಫೋನ್ ಬಂತು.

"ಅಕ್ಕಾ, ಕರ್ಕೊಂಡು ಹೋಗ್ತಿದಾರೆ. ಎಲ್ಲಿದೀಯ?"

"ಇಲ್ಲೇ, ಬಾಗಿಲ ಹೊರಗೇ ಇದೀನಿ ಕಣೆ. ಒಳಗೆ ಬಿಡ್ತಿಲ್ಲ ಅಷ್ಟೆ."

"ಹೌದಾ? ಹಾಗಾದ್ರೆ ನನಗೇನೂ ಭಯ ಇಲ್ಲ ಬಿಡು. ಕಣ್ಣು ಬಿಟ್ಟ ಕೂಡಲೇ ನೀನೇ ಕಾಣ್ಬೇಕು, ಆಯ್ತಾ?"

"ಆಯ್ತು ಪುಟ್ಟಿ," ಎಂದಳು. ಅವಳ ವಿಮಾನ ಇದ್ದದ್ದು ಮರುದಿನ ಸಂಜೆಗೆ.