ಅಕ್ಕನ ಹಾಯಿದೋಣಿ

ಅಕ್ಕ ಮಗ್ಗ ಬಿಟ್ಟೆದ್ದರೆ ಕೈ ದೋಣಿಯ ಮೇಲೆಯೇ. ರಿಮೋಟಿನಲ್ಲಿ ತಿರುಗುವ ಪುಟ್ಟ ಹಾಯಿದೋಣಿ ಅದು. ಹಾಯಿಗೆ ಮಗ್ಗದಲ್ಲಿ ಉಳಿದ ರೇಷ್ಮೆ ತುಂಡು. “ಸೀರೆ ನೇಯೋಳ್ಗೆ ದೋಣಿ ಯಾಕವ್ವಾ?” ಎಂದು ಕೊಳ್ಳೇಗಾಲದ ನಮ್ಮ ಬೀದಿಯವರು ಕೇಳಿದಾಗಲೆಲ್ಲ “ನನ್ ಖುಸಿ, ನಿಮ್ಗೇನು?” ಎನ್ನುತ್ತಿದ್ದಳು.

ದೋಣಿ ಮಗುಚದಿರಲೆಂದು ಅಡಿಯಲ್ಲಿ ಬಟ್ಟೆಯ ಗಂಟು ಕಟ್ಟಿ, ನನ್ನ ಮೀನುಬಲೆಯ ಸೀಸದ ಗುಂಡುಗಳನ್ನು ಕೇಳಿ ಪಡೆದು ಅದರೊಳಗೆ ತುಂಬಿದ್ದಳು. ನಾನು ಅವನ್ನು ಕದ್ದು ಬಲೆಗೆ ವಾಪಸು ಕಟ್ಟಿ, ಗಂಟಿಗೆ ಜೇಡಿಮಣ್ಣು ತುಂಬಿದೆ.

ಕೆರೆಯಲ್ಲಿ ಮಣ್ಣು ಕರಗಿ ದೋಣಿ ಮಗುಚಿತು. “ಓಯ್ತಲ್ಲವ್ವಾ ನಿನ್ ದೋಣಿ!” ಎಂದು ದಡದವರು ನಕ್ಕರು. ನಾನೂ ನಕ್ಕೆ, ಅದಕ್ಕೆ ಕ್ಷಮೆಯಿಲ್ಲ.

ಅಕ್ಕ ನೀರಿಗಿಳಿದು ದೋಣಿ ತಂದಳು. ಗಂಟು ಹಿಂಡಿ ಕೆಸರು ನೋಡಿದಳು. ನನ್ನನ್ನು ಬೈಯದೆ, ಪಕ್ಕದಲ್ಲಿದ್ದ ನನ್ನ ಬಲೆ ಎಳೆದುಕೊಂಡು ಗುಂಡುಗಳನ್ನು ಹಲ್ಲಿನಿಂದಲೇ ಕಿತ್ತು ಗಂಟಿಗೆ ತುಂಬಿದಳು. “ನಗೋರು ಇಲ್ಲೇ ಇರಿ, ಗಾಳಿ ಇನ್ನೂ ಐತೆ” ಎಂದಳು.