ಅರುಣಾ ಟೀಚರ್ ಹಿಡಿದ ಒಪ್ಪತ್ತು

ಬಳ್ಳಾರಿ ಕಂಟೋನ್ಮೆಂಟಿನ ಅರುಣಾ ಟೀಚರ್ ನಿವೃತ್ತರಾಗುವ ತನಕ ತರಗತಿಯಲ್ಲಿ ಸಮಾನತೆಯ ಪಾಠ ಮಾಡಿದವರು. ಉಪದೇಶ ರೂಢಿಯಿತ್ತು, ಉಪವಾಸ ಇರಲಿಲ್ಲ. ಹಳೆಯ ಶಿಷ್ಯ ಹುಲುಗೇಶ ಪೋಲೆಂಡಿನ ಮಾರ್ತಾಳನ್ನು ಮದುವೆಯಾಗಿ, ಅವಳಿಗೆ ಪರದೇಶವಾದ ಸಿರುಗುಪ್ಪದ ಕಡೆಯ ತನ್ನ ಕೇರಿಯಲ್ಲೇ ಎಮ್ಮೆ, ತುಂಡು ಗದ್ದೆ ನೋಡಿಕೊಂಡು ಇದ್ದಾನೆಂದು ಕೇಳಿ, ಕುರುಗೋಡಿನ ಮೇಲೆ ಹೋಗುವ ಬಸ್ಸು ಹಿಡಿದರು.

ಮಾರ್ತಾ ಬಿಸಿ ರೊಟ್ಟಿ ಬಡಿದು ತಾಟು ಮುಂದಿಟ್ಟಳು. ಟೀಚರ್ ಮನೆತನದವರು ಅಂಥ ಕೇರಿಗಳಲ್ಲಿ ನೀರು ಕೂಡ ಕುಡಿದವರಲ್ಲ. ನಾಲಿಗೆ ತಾನಾಗಿಯೇ ಹೊರಳಿತು: "ಬ್ಯಾಡವ್ವ, ಸೋಮವಾರ ನಂದು ಒಪ್ಪತ್ತು."

"ಹಂಗಾದ್ರ ನಾವೂ ಆಮ್ಯಾಲೆ ಉಣ್ತೀವ್ರಿ," ಎಂದು ಮಾರ್ತಾ ತಾಟು ಎತ್ತಿದಳು. "ಬಂದವ್ರನ್ನ ಉಪಾಸ ಕೂಡಿಸಿ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ. ಅತ್ತಿ ಕಲಿಸ್ಯಾರ."

ಗದ್ದೆಯಿಂದ ಬಂದ ಹುಲುಗೇಶ ಕೈ ತೊಳೆದು ತಾಟು ಕೇಳದೆ ಕುಳಿತ. ಅವರ ಪುಟ್ಟ ಮಗಳು ರೊಟ್ಟಿ ಬುಟ್ಟಿಯನ್ನೇ ನೋಡುತ್ತಿದ್ದಳು. ಆ ನೋಟ ಟೀಚರಿಗೆ ತಡೆಯಲಾಗಲಿಲ್ಲ.

"ಒಂದು ರೊಟ್ಟಿ ಹಾಕವ್ವ, ಒಪ್ಪತ್ತು ಬಿಡ್ತೀನಿ."

ಮೂಲೆಯಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದ ಹುಲುಗೇಶನ ತಾಯಿ ಹನುಮಮ್ಮ ತಲೆ ಎತ್ತಲಿಲ್ಲ. "ಬಿಡ್ರಿ ಟೀಚರಮ್ಮ, ಪಾಪ ಬರಂಗಿಲ್ಲ. ಇವತ್ತು ಮಂಗಳವಾರ ಐತಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಟೀಚರಿಗೆ ಎಷ್ಟೋ ಹಗುರಾಗುತ್ತಿತ್ತು. ಮಾರ್ತಾ ಎಲ್ಲರಿಗೂ ತಾಟು ಹಾಕಿ, ಟೀಚರ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಅವರು ತಲೆ ತಗ್ಗಿಸಿ ಉಂಡರು. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ನೀರಡಿಕೆಯಾಯಿತು. ಪಕ್ಕದ ಚೀಲದಲ್ಲಿ ಮನೆಯಿಂದ ತಂದ ನೀರಿನ ಬಾಟಲಿ ಇತ್ತು. ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ ಕೇಳಿದರು:

"ನಿಮ್ಮನಿ ಕೊಡದಾಗಿಂದ ಒಂದು ಚರಿಗಿ ನೀರು ಕೊಡವ್ವ."