ಮೈಲುತುತ್ತು ತಿಂದ ಪಟ್ಟಾಳದ ಲಾರಿ

ಮೊನ್ನೆ ಜಗುಲಿಯ ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಯ ಅಂಚು ತೆಳು ನೀಲಿಯಾಯಿತು. ಮೂಗಿನ ಹತ್ತಿರ ಹಿಡಿದರೆ ಒದ್ದೆ ತಾಮ್ರದ ಕೊಡದ ವಾಸನೆ, ಅದರ ಹಿಂದೆ ಹಳೆಯ ಆಯಿಲಿನದ್ದು. ಹಲಸಿನ ಮರದ ಉದ್ದದ ಬೆಂಚು ಅದು. ಎಷ್ಟು ಸಲ ತೊಳೆದರೂ ಬಿರುಕುಗಳಲ್ಲಿ ಕೂತ ಮೈಲುತುತ್ತು, ಆ ತಾಮ್ರದ ನೀಲಿ ಉಪ್ಪು, ಮಳೆಗಾಲಕ್ಕೆ ಮೇಲೆ ಬರುತ್ತದೆ. ಆ ವಾಸನೆ ಬಂದರೆ ಮೇಲಿನ ಮನೆಯ ಧನಿಯ ನೆನಪಾಗುತ್ತದೆ. ನಾನು ಬಯಸಿ ಆಗುವ ನೆನಪಲ್ಲ.

ಧನಿ ಎಂದು ಬರೆಯುವುದು ಗೌರವದಿಂದ ಅಲ್ಲ. ನನ್ನ ಅಮ್ಮ ಹಾಗೆ ಕರೆಯುತ್ತಿದ್ದಳು, ನಾಲಗೆಗೆ ಅದೇ ಅಭ್ಯಾಸವಾಗಿದೆ. ಕುಂಬ್ಡಾಜೆಯ ಆ ಗುಡ್ಡದಲ್ಲಿ ಮೇಲೆ ಅವರ ಹೆಂಚಿನ ಮನೆ, ಕೆಳಗೆ ನಮ್ಮ ಮುಳಿಹುಲ್ಲಿನದ್ದು. ಅಮ್ಮ ಬೀಡಿ ಕಟ್ಟುತ್ತಿದ್ದಳು, ಅಪ್ಪ ಕೆಂಪುಕಲ್ಲು ಕಡಿಯುತ್ತಿದ್ದ. ಧನಿ ಪ್ರಾಯದಲ್ಲಿ ಪಟ್ಟಾಳಕ್ಕೆ, ಎಂದರೆ ಸೈನ್ಯಕ್ಕೆ, ಸೇರಲು ಹೋಗಿ, ಎದೆಯ ಅಳತೆ ಸಾಲದೆ ಹಿಂದೆ ಬಂದವರು. ಆಮೇಲೆ ಗಲ್ಫಿನ ಒಂದು ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದು, ಊರಿಗೆ ಬರುವಾಗ ಎದೆಯ ಅಳತೆಯನ್ನು ತಾವೇ ಹೆಚ್ಚಿಸಿಕೊಂಡಿದ್ದರು. ಹಸಿರು ಪ್ಯಾಂಟು, ಸೊಂಟಕ್ಕೆ ಅಗಲದ ಬೆಲ್ಟು, ಮದುವೆ ಮನೆಯಲ್ಲೂ ಅದೇ. ಬಸ್ಸಿನ ಸೀಟು ಬಿಟ್ಟುಕೊಡಲಿಕ್ಕೆ ಯಾರಾದರೂ ತಡ ಮಾಡಿದರೆ "ದೇಶಕ್ಕೆ ಸೇವೆ ಮಾಡಿದವರು ನಿಲ್ಲುವುದಾ?" ಎಂದು ಕೇಳುತ್ತಿದ್ದರಂತೆ. ಅವರ ಸೇವೆ ಏನೆಂದು ಊರಿಗೆಲ್ಲ ಗೊತ್ತಿತ್ತು. ಸೀಟು ಮಾತ್ರ ಸಿಗುತ್ತಿತ್ತು.

ಅವರ ಅಂಗಳದ ಕೊನೆಯಲ್ಲಿ ಒಂದು ಶೆಡ್ಡು. ಮುರಕಲ್ಲಿನ ಗೋಡೆ, ತಗಡಿನ ಮಾಡು, ನಡುವೆ ಒಂದು ಬಲ್ಬು. ನಮ್ಮ ಕಡೆಯ ನಾಲ್ಕೈದು ಮನೆಗಳಿಗೆ ಕರೆಂಟು ಬಂದಿರಲಿಲ್ಲ. ಧನಿಯ ಅಮ್ಮ, ನಾವು ದೊಡ್ಡಮ್ಮ ಎನ್ನುತ್ತಿದ್ದವರು, ಮಗ ಗಲ್ಫಿನಲ್ಲಿದ್ದ ಕಾಲಕ್ಕೆ ಆ ಶೆಡ್ಡನ್ನು ಕೆಳಗಿನ ಮನೆಗಳ ಮಕ್ಕಳಾದ ನಮಗೆ ಓದಲು ಬಿಟ್ಟುಕೊಟ್ಟಿದ್ದರು. ಹಲಸಿನ ಬೆಂಚು ಹಾಕಿಸಿದ್ದೂ ಅವರೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಬಂದು, ಬಾಗಿಲಲ್ಲಿ ಕೂತು, ಓದುವ ಶಬ್ದ ನಿಂತರೆ "ಎಂತ ಮಕ್ಕಳೇ, ನಿದ್ರೆಯಾ?" ಎಂದು ಕೇಳುವುದು ಅವರ ಕೆಲಸ. ನಾನು ಎಂಟು, ಒಂಬತ್ತು ಅಲ್ಲಿಯೇ ಓದಿದೆ. ಬೆಂಚಿನ ಅಂಚಿನಲ್ಲಿ ಕೈವಾರದ ಮೊನೆಯಿಂದ ನನ್ನ ಹೆಸರಿನ ಮೊದಲ ಅಕ್ಷರ ಕೊರೆದಿದ್ದೆ. ಹತ್ತನೆಯ ಪಬ್ಲಿಕ್ ಪರೀಕ್ಷೆ ಹತ್ತಿರ ಬರುವಾಗ ಧನಿ ಊರಿಗೆ ಬಂದರು. ಅವರ ಹಿಂದೆಯೇ ಲಾರಿ ಬಂತು.

ಪಟ್ಟಾಳದವರು ಹಳತಾಯಿತೆಂದು ಏಲಂ ಹಾಕಿದ ರೇಡಿಯೋ ಲಾರಿ. ಮುಂದೆ ಮೂತಿ, ಹಿಂದೆ ಕೋಣೆಯ ಹಾಗೆ ಒಂದು ಪೆಟ್ಟಿಗೆ. ಯುದ್ಧದ ಕಾಲಕ್ಕೆ ಆ ಪೆಟ್ಟಿಗೆಯೊಳಗೆ ಕೂತು ಸುದ್ದಿ ಕಳಿಸುವುದಂತೆ. ಅದು ನಮ್ಮ ಗುಡ್ಡ ಹತ್ತಿದ್ದು ಇನ್ನೊಂದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು, ಹಠ ಹಿಡಿದ ಎಮ್ಮೆಯ ಹಾಗೆ. ಹಿಂದಿನ ದಿನ ಧನಿ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು.

"ಪುಸ್ತಕ ಎಲ್ಲ ಎಬ್ಬಿಸಿ ಮಕ್ಕಳೇ. ನಾಳೆ ಇಲ್ಲಿ ಗಾಡಿ ಬರ್ಲಿಕ್ಕುಂಟು."

"ಪರೀಕ್ಷೆ ಉಂಟು ಧನಿ," ಎಂದೆ ನಾನು. "ಅದು ಮುಗಿಯುವವರೆಗೆ ಗಾಡಿ ಅಂಗಳದಲ್ಲಿ ನಿಂತರೆ ಆಗ್ತದಲ್ಲ?"

"ಹತ್ತು ಪಾಸಾಗಿ ನಿನಗೆ ಎಂತ ಮಾಡ್ಲಿಕ್ಕುಂಟು? ಬೀಡಿ ಎಲೆಗೆ ಇಂಗ್ಲಿಷು ಬೇಕಾ?"

ದೊಡ್ಡಮ್ಮ ಮಗನ ಮುಖ ನೋಡದೆ, ಅಂಗಳದ ಕಡೆ ತಿರುಗಿ ಹೇಳಿದರು: "ದೇಶದ ಗಾಡಿಯಂತೆ. ಅದು ಒಳಗೆ. ದೇಶದ ಮಕ್ಕಳು ಹೊರಗೆ."

ಮರುದಿನ ನಾವು ಹೊರಗಾದೆವು. ಬೆಂಚು ಹೊರಗಾಗಲಿಲ್ಲ. ರೇಡಿಯೋದವನು ಕೂತುಕೊಳ್ಳುವ ಆಸನಕ್ಕೆ ಉದ್ದ ಸರಿಯಾಗುತ್ತದೆಂದು ಧನಿ ಅದನ್ನು ಪೆಟ್ಟಿಗೆಯೊಳಗೆ ಹಾಕಿಸಿದರು. ಆ ವರ್ಷ ನಾನು ಓದಿದ್ದು ಹಾಲಿನ ಸೊಸೈಟಿಯ ಜಗುಲಿಯ ಟ್ಯೂಬ್‌ಲೈಟಿನ ಕೆಳಗೆ. ಪುಸ್ತಕದ ಮೇಲೆ ಬೆಳಕಿಗೆ ಬಂದ ಹಾತೆಹುಳ ಉದುರುತ್ತಿತ್ತು. ಹಾತೆಯನ್ನು ಊದಿ ಊದಿ ಓದಿದ ಪುಟಗಳು ಈಗಲೂ ಬಾಯಿಪಾಠ ಇವೆ... ಪಾಸಾದೆ. ಪ್ಲಸ್ ಟು ಪಾಸಾದೆ. ಕಾಸರಗೋಡಿಗೆ ಹೋಗಿ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದೆ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ, ಯಾಕೆಂದರೆ ಇದು ಯಾರೂ ಕೊಟ್ಟದ್ದಲ್ಲ.

ಅಷ್ಟೂ ವರ್ಷ ಧನಿ ಲಾರಿ ರಿಪೇರಿ ಮಾಡುತ್ತಲೇ ಇದ್ದರು. ಕೆಲಸಗಳ್ಳ ಎಂದು ಅವರನ್ನು ಹೇಳಲಾರೆ. ಕಚ್ಚಿಕೊಂಡ ಎಂಜಿನಿಗೆ ಸೀಮೆಎಣ್ಣೆ ಹೊಯ್ದು, ತಿಂಗಳುಗಟ್ಟಲೆ ನೆನೆಸಿ, ಕೈಯಲ್ಲೇ ತಿರುಗಿಸಿ ಬಿಡಿಸಿದರು. ಹಸಿರು ಬಣ್ಣವನ್ನು ಬ್ಲೇಡಿನಿಂದ ಪದರ ಪದರವಾಗಿ ಕೆರೆದು, ಅಡಿಯಲ್ಲಿ ಬೇರೆ ಹಸಿರು ಸಿಕ್ಕಿದಾಗ ದೇವರು ಕಂಡವರ ಹಾಗೆ ಎಲ್ಲರನ್ನೂ ಕರೆದು ತೋರಿಸಿದರು. ಏಲಂ ಹಾಕುವ ಮೊದಲೇ ಪಟ್ಟಾಳದವರು ರೇಡಿಯೋಗಳನ್ನು ಕಿತ್ತಿದ್ದರು. ಮಂಗಳೂರಿನ ಗುಜರಿ ಅಂಗಡಿಗಳಲ್ಲಿ ಅಲೆದು ಒಂದು ಹಳೆಯ ಸೆಟ್ಟು, ಹೆಡ್‌ಫೋನು, ಗಾಜಿನ ವಾಲ್ವುಗಳು ಎಲ್ಲ ತಂದರು. ಹಗುರವಾಗಲೆಂದು ಪೆಟ್ಟಿಗೆಗೆ ಹೊಸ ಅಲ್ಯೂಮಿನಿಯಂ ಚೌಕಟ್ಟು ಹೊಡೆಸಿದರು. ಇಷ್ಟೆಲ್ಲ ಒಂದು ಆಸೆಗೆ. ಯಾವುದಾದರೂ ಜನವರಿ ಇಪ್ಪತ್ತಾರಕ್ಕೆ ಆ ಲಾರಿಯನ್ನು ತಾವೇ ಓಡಿಸಿಕೊಂಡು ಶಾಲೆಯ ಮೈದಾನಕ್ಕೆ ಹೋಗಬೇಕು, ಬಾವುಟದ ಕೆಳಗೆ ಅದರ ಪಕ್ಕದಲ್ಲಿ ನಿಂತು ಸೆಲ್ಯೂಟ್ ಹೊಡೆಯಬೇಕು. ಎದೆಯ ಅಳತೆ ತೆಗೆದವರು ಸಾಲದು ಎಂದದ್ದಕ್ಕೆ ಒಬ್ಬ ಮನುಷ್ಯ ಕೊಡಬಹುದಾದ ಉತ್ತರ ಅದು ಎಂದು ಅವರಿಗೆ ತೋರಿತ್ತು.

ರೇಡಿಯೋ ಮೊದಲು ಮಾತಾಡಿದ ಸಂಜೆ ಊರಿನವರನ್ನೆಲ್ಲ ಶೆಡ್ಡಿಗೆ ಕರೆಸಿದ್ದರು. ರಜೆಗೆ ಬಂದಿದ್ದ ನಾನೂ ಅಮ್ಮನ ಹಿಂದೆ ನಿಂತಿದ್ದೆ. ವಾಲ್ವು ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಂತು. ಧನಿ ತಿರುಪು ತಿರುಗಿಸಿದರು. ಕರಕರ ಎಂದಿತು, ಸಿಳ್ಳೆ ಹಾಕಿತು. ಗಡಿಯ ಸುದ್ದಿ ಬರುತ್ತದೆಂದು ಎಲ್ಲರೂ ಉಸಿರು ಹಿಡಿದಿದ್ದಾಗ, ಒಬ್ಬರು ಮಲಯಾಳದಲ್ಲಿ ತೆಂಗಿನ ಗಿಡಕ್ಕೆ ಕುರುವಾಯಿ ಹುಳ ಬಿದ್ದರೆ ಏನು ಮಾಡಬೇಕೆಂದು ಹೇಳತೊಡಗಿದರು.

"ಇದು ನಮ್ಮ ಮನೆಯ ರೇಡಿಯೋದಲ್ಲೂ ಬರ್ತದಲ್ಲ ಧನಿ," ಎಂದರು ಹಾಲಿನ ಸೊಸೈಟಿಯವರು.

"ನಿನ್ನದರಲ್ಲಿ ಬರುವುದು ಬೇರೆ. ಇದು ಪಟ್ಟಾಳದ್ದು."

"ಹೌದೌದು. ಹುಳಕ್ಕೆ ಗುಂಡು ಹೊಡೆಯಬೇಕು ಹೇಳ್ತಾರೋ ಏನೋ."

ಧನಿ ನಗಲಿಲ್ಲ. ಕುರುವಾಯಿ ಹುಳದ ಪಾಠ ಮುಗಿಯುವವರೆಗೂ ಹೆಡ್‌ಫೋನು ಕಿವಿಗೆ ಒತ್ತಿಕೊಂಡೇ ಕೂತಿದ್ದರು, ನಮ್ಮ ಬೆಂಚಿನ ಮೇಲೆ.

ಬಿ.ಎಡ್. ಮುಗಿಸಿ ಊರಿನ ಅದೇ ಶಾಲೆಗೆ ನಾನು ಗೆಸ್ಟ್ ಟೀಚರಾಗಿ ಬಂದ ವರ್ಷ, ಮಳೆ ಶುರುವಾಗುವ ಹೊತ್ತಿಗೆ, ದೊಡ್ಡಮ್ಮನಿಗೆ ಹುಷಾರಿಲ್ಲವೆಂದು ನೋಡಲು ಹೋದೆ. ಹಿಂದೆ ಬರುವಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಧನಿ ಪೆಟ್ಟಿಗೆಯೊಳಗೆ ಕೂತು, ಅಡಿಕೆ ಸಿಪ್ಪೆಯ ಕುಂಚವನ್ನು ಬಕೆಟಿನ ನೀಲಿ ನೀರಿಗೆ ಅದ್ದಿ ಅದ್ದಿ ಮರದ ಹಲಗೆಗಳಿಗೆ, ನಮ್ಮ ಬೆಂಚಿಗೂ, ಬಳಿಯುತ್ತಿದ್ದರು. ಮೈಲುತುತ್ತು. ನಮ್ಮ ಕಡೆ ಅದು ಸರ್ವರೋಗಕ್ಕೂ ಮದ್ದು. ಅಡಿಕೆಗೆ ಕೊಳೆರೋಗವೆಂದು ಬಿಡುವುದು ಅದನ್ನೇ, ಗೋಡೆಗೆ ಹಾವಸೆ ಬಂದರೂ ಅದೇ, ಮಾಡಿನ ಪಕಾಸಿಗೆ ಒರಳೆ, ಎಂದರೆ ಗೆದ್ದಲು, ಹಿಡಿದರೂ ಅದೇ. ತಲೆನೋವಿಗೆ ಕುಡಿಯುವುದಿಲ್ಲ, ಅಷ್ಟು ಪುಣ್ಯ. ಹಿಂದಿನ ಮಳೆಗಾಲದಲ್ಲಿ ಹಲಗೆಗಳಿಗೆ ಬೂಸ್ಟು ಹಿಡಿದಿತ್ತಂತೆ. ಅದಕ್ಕೆ ಸುಣ್ಣವನ್ನೂ ಸೇರಿಸದೆ ದಪ್ಪಗೆ ಕಲಸಿದ ಮೈಲುತುತ್ತು. ಹಸಿ ಹಲಗೆಗಳನ್ನು ಹಾಗೇ ಅಲ್ಯೂಮಿನಿಯಂ ಚೌಕಟ್ಟಿಗೆ ಒತ್ತಿ ರಿವೆಟು ಹೊಡೆಯುತ್ತಿದ್ದರು.

"ಧನಿ, ಅದನ್ನು ಅಲ್ಯೂಮಿನಿಯಂಗೆ ತಾಗಿಸಬೇಡಿ," ಎಂದೆ. "ಕಬ್ಬಿಣಕ್ಕೂ ಬೇಡ. ಇಡೀ ಮಳೆಗಾಲ ಕೂತು ತಿಂದು ಹಾಕ್ತದೆ."

ಅವರು ತಿರುಗಿಯೂ ನೋಡಲಿಲ್ಲ. "ಮೈಲುತುತ್ತು ನನಗೆ ಹೇಳಿಕೊಡುವುದಾ? ನಿನ್ನ ಅಜ್ಜ ಅದನ್ನು ನಮ್ಮ ತೋಟಕ್ಕೆ ಬಿಟ್ಟೇ ಜೀವನ ಮಾಡಿದ್ದು. ನಿನ್ನ ಡಿಗ್ರಿಯನ್ನು ಶಾಲೆಯ ಮಕ್ಕಳಿಗೆ ಹೇಳು. ಗಾಡಿಗೆ ಬೇಡ."

ನಾನು ಎರಡನೇ ಸಲ ಹೇಳಲಿಲ್ಲ. ಹೇಳಬೇಕಿತ್ತೆಂದು ಇವತ್ತಿಗೂ ಅನ್ನಿಸಿಲ್ಲ. ನನ್ನ ಅಜ್ಜನ ಬೆರಳುಗಳ ಸಂದಿಯಲ್ಲಿ ಸಾಯುವವರೆಗೂ ಹೋಗದ ನೀಲಿ ಇತ್ತು. ಆ ನೀಲಿ ಏನು ಮಾಡುತ್ತದೆಂದು ಓದಿ ಕಲಿತು ಬಂದವಳು ನಾನು. ಬೇಡವೆಂದವರಿಗೆ ಬಡಿಸುವ ಮನೆತನ ನಮ್ಮದಲ್ಲ.

ಆ ಮಳೆಗಾಲದಲ್ಲಿ ದೊಡ್ಡಮ್ಮ ಹೋದರು... ಶೆಡ್ಡಿನ ಬಾಗಿಲಲ್ಲಿ ಕೂತು ಕೇಳುವ ಆ ಧ್ವನಿ ಹೋಯಿತು. ಮಳೆ ಬಿಟ್ಟಿತು. ಜನವರಿ ಇಪ್ಪತ್ತಾರು ಬಂತು.

ಆ ದಿನ ಬೆಳಿಗ್ಗೆ ಮಕ್ಕಳನ್ನು ಮೈದಾನದಲ್ಲಿ ಸಾಲು ನಿಲ್ಲಿಸುವ ಕೆಲಸ ನನ್ನದಾಗಿತ್ತು. ಗುಡ್ಡದಿಂದ ಲಾರಿಯ ಶಬ್ದ ಕೇಳಿ ಸಾಲೆಲ್ಲ ಮುರಿದು ಗೇಟಿಗೆ ಓಡಿತು. ಲಾರಿ ಇಳಿದು ಬರುತ್ತಿತ್ತು, ಇದು ಸುಳ್ಳಲ್ಲ. ಹೊಸ ಹಸಿರು ಬಣ್ಣ, ಪೆಟ್ಟಿಗೆಯ ಮೇಲೆ ಎತ್ತರದ ಏರಿಯಲ್ ಕಂಬ, ಅದರ ತುದಿಗೆ ಸಣ್ಣ ಬಾವುಟ. ಒಳಗೆ ಧನಿ, ಇಸ್ತ್ರಿ ಹಾಕಿದ ಹಸಿರಿನಲ್ಲಿ, ನೇರ ಮುಂದೆ ನೋಡುತ್ತ. ಆ ಒಂದು ಗಳಿಗೆ ನನಗೂ ಹೆದರಿಕೆಯಾಯಿತು, ನಾನು ಓದಿದ್ದು ಸುಳ್ಳಾಯಿತೇ ಎಂದು.

ಶಾಲೆಯ ಗೇಟಿನ ಎದುರು ಒಂದು ಚರಂಡಿ, ಅದರ ಮೇಲೆ ಕಲ್ಲು ಹಾಸಿದ ದಾರಿ. ಮುಂದಿನ ಚಕ್ರ ದಾಟಿತು. ಹಿಂದಿನದು ಇಳಿದು ಏರುವಾಗ ಒಳಗಿನಿಂದ ಹಪ್ಪಳ ಮುರಿದ ಹಾಗೆ ಶಬ್ದ ಬಂತು. ಏರಿಯಲ್ ಕಂಬ ಒಮ್ಮೆ ತೂಗಿತು. ಆಮೇಲೆ ಇಡೀ ಪೆಟ್ಟಿಗೆ, ಅವಸರವೇ ಇಲ್ಲದೆ, ಪಕ್ಕಕ್ಕೆ ವಾಲಿ ಚರಂಡಿಗೆ ಕೂತಿತು. ಮಕ್ಕಳು ಗೇಟಿನ ಒಳಗಿದ್ದರು, ಯಾರಿಗೂ ಏನೂ ಆಗಲಿಲ್ಲ. ರೇಡಿಯೋದ ವಾಲ್ವುಗಳು ಒಂದೊಂದಾಗಿ ಒಡೆದವು. ಲಾರಿಯ ಮುಂಭಾಗ ಮಾತ್ರ ಎಂಜಿನು ಗುಡುಗಿಸುತ್ತ ಅಲ್ಲೇ ನಿಂತಿತ್ತು.

"ಪಟ್ಟಾಳ ಬಿತ್ತು ಮಾರಾಯ," ಎಂದಿತು ಹಿಂದಿನಿಂದ ಒಂದು ಸ್ವರ. ಅದಕ್ಕೆ ಯಾರೂ ನಗಲಿಲ್ಲ.

ಧನಿ ಇಳಿದು ಬಂದರು. ಚೌಕಟ್ಟಿನ ಒಂದು ತುಂಡು ಎತ್ತಿದರು. ಅದು ಅವರ ಬೆರಳುಗಳ ನಡುವೆ ಬಿಳಿ ಹಿಟ್ಟಾಗಿ ಉದುರಿತು. ಹೊರಗಿನ ಬಣ್ಣ ಒಂದೇ ಗಟ್ಟಿ, ಒಳಗೆ ಏನೂ ಇರಲಿಲ್ಲ. ಅವರು ಸುತ್ತ ನೋಡಿದರು. ಹೆಡ್‌ಮಾಸ್ಟರರನ್ನು ನೋಡಿದರು, ಸೊಸೈಟಿಯವರನ್ನು ನೋಡಿದರು. ಕೊನೆಗೆ ನನ್ನ ಮುಂದೆ ಬಂದು ಅಂಗೈ ಚಾಚಿದರು.

"ಟೀಚರೇ, ಇದು ಎಂತ ಆದದ್ದು?"

ಅಲ್ಲಿಯವರೆಗೆ ಅವರು ನನ್ನನ್ನು ಟೀಚರ್ ಎಂದು ಕರೆದದ್ದಿಲ್ಲ. ನಾನು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ, ಒಂದು ಮಾತೂ ಬಿಡದೆ. ಕಬ್ಬಿಣದ ಮೊಳೆಯನ್ನು ಮೈಲುತುತ್ತಿನ ನೀರಿನಲ್ಲಿ ಇಟ್ಟರೆ ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಮೊಳೆ ಕರಗಿ ನೀರಿಗೆ ಹೋಗುತ್ತದೆ. ಅಲ್ಯೂಮಿನಿಯಂ ಅದಕ್ಕಿಂತಲೂ ಬೇಗ ಸೋಲುತ್ತದೆ, ನಮ್ಮ ಹಾಗೆ ಉಪ್ಪು ಗಾಳಿಯ ಊರಲ್ಲಂತೂ. "ಇದು ಹತ್ತನೇ ಕ್ಲಾಸಿನ ಪಾಠ ಧನಿ," ಎಂದು ಮುಗಿಸಿದೆ. ನನ್ನ ಸ್ವರದಲ್ಲಿ ಏನಿತ್ತೆಂದು ನನಗೆ ಗೊತ್ತು, ಅವರಿಗೂ ಗೊತ್ತಾಯಿತು.

"ಓಹೋ," ಎಂದರು ಅವರು. ಅಂಗೈಯ ಹಿಟ್ಟನ್ನು ನೋಡುತ್ತ ನಿಂತರು. "ನಾನು ಎಂಟಕ್ಕೇ ಬಿಟ್ಟದ್ದಲ್ಲವಾ."

ಅವರ ಬಗ್ಗೆ ಮರುಕ ಹುಟ್ಟಿಸಲು ಊರಿನವರು ಆ ಮಾತನ್ನು ಎಷ್ಟೋ ವರ್ಷ ಹೇಳಿದರು. ನನಗೆ ಹುಟ್ಟಲಿಲ್ಲ. ಎಂಟಕ್ಕೆ ಬಿಟ್ಟದ್ದು ತಪ್ಪಲ್ಲ, ನನ್ನ ಅಪ್ಪ ಮೂರಕ್ಕೆ ಬಿಟ್ಟವನು. ಹತ್ತು ಓದುವವರನ್ನು ಬೆಳಕಿನಿಂದ ಎಬ್ಬಿಸಿದ್ದು ತಪ್ಪು. ಆ ಪಾಠವನ್ನು ನಾನು ಅವರದೇ ಬಲ್ಬಿನ ಕೆಳಗೆ ಗಟ್ಟಿಯಾಗಿ ಓದಬೇಕಿತ್ತು. ಬಾಗಿಲಲ್ಲಿ ನಿಂತವರ ಕಿವಿಗೂ ಬೀಳುತ್ತಿತ್ತು.

ಮತ್ತೂ ಒಂದು ಉಂಟು, ಅದನ್ನು ನಾನು ಲಾರಿಗಿಂತ ಹೆಚ್ಚು ನೆನಪಿಟ್ಟಿದ್ದೇನೆ. ಮುರಿದದ್ದನ್ನೆಲ್ಲ ಎಳೆದು ತಂದು ಶೆಡ್ಡಿಗೆ ಹಾಕಿ ಧನಿ ಬೀಗ ಜಡಿದರು. ಆಮೇಲೆ ಯಾವತ್ತೂ ಅದರ ಮೇಲೆ ಕೈ ಇಡಲಿಲ್ಲ. ಆಗಲೂ ಕೆಳಗಿನ ಎರಡು ಮನೆಗಳಲ್ಲಿ ಕರೆಂಟಿಲ್ಲದ ಮಕ್ಕಳಿದ್ದರು. ನಾನೇ ಹೋಗಿ ಕೇಳಿದೆ. ಲಾರಿಯನ್ನು ಅಂಗಳಕ್ಕೆ ಎಳೆಸಿ ಶೆಡ್ಡು ಬಿಟ್ಟುಕೊಟ್ಟರೆ ಸಂಜೆ ಪಾಠ ಹೇಳುತ್ತೇನೆ ಎಂದೆ. "ಗಾಡಿ ಮಳೆಗೆ ಒದ್ದೆ ಆಗ್ತದೆ," ಎಂದರು. ಒದ್ದೆಯಾಗಲಿಕ್ಕೆ ಏನು ಉಳಿದಿತ್ತು? ಬಲ್ಬು ಇತ್ತು, ಮಾಡು ಇತ್ತು, ಮಕ್ಕಳಿದ್ದರು. ಬಾಗಿಲು ತೆರೆಯಲಿಲ್ಲ. ಹೊರಗೆ ಬಣ್ಣ, ಒಳಗೆ ಬಿಳಿ ಹಿಟ್ಟು...

ಕಳೆದ ವರ್ಷ ಧನಿ ತೀರಿಕೊಂಡರು. ಮಗಳು ಬಂದು ಉಪ್ಪಳದ ಗುಜರಿಯವರಿಗೆ ಲಾರಿ ಕೊಟ್ಟಳು, ಆಮೇಲೆ ಶೆಡ್ಡನ್ನೂ ಕೆಡವಿಸಿದಳು. ತುಂಡು ಮಾಡುವ ದಿನ ನಾನೂ ಹೋದೆ. ಕಬ್ಬಿಣದ ಆಣಿಗಳು ಕೆಂಪಗೆ ಪುಡಿಯಾಗಿದ್ದವು, ಚೌಕಟ್ಟು ಎಂಬುದೇ ಇರಲಿಲ್ಲ. ಆ ರಾಶಿಯ ಅಡಿಯಲ್ಲಿ ಬೆಂಚು ಇತ್ತು. ಅದಕ್ಕೆ ಏನೂ ಆಗಿರಲಿಲ್ಲ. ಮೈಲುತುತ್ತು ಲೋಹವನ್ನು ತಿನ್ನುತ್ತದೆ, ಮರವನ್ನು ಕಾಯುತ್ತದೆ. ಒರಳೆ ಮುಟ್ಟಿರಲಿಲ್ಲ. ಅಂಚಿನಲ್ಲಿ ನನ್ನ ಅಕ್ಷರ ಹಾಗೇ ಇತ್ತು, ಅದರೊಳಗೆ ನೀಲಿ ತುಂಬಿತ್ತು.

"ಇದು ನಿಮಗೆ ಯಾಕೆ ಟೀಚರೇ, ನೀಲಿ ಹಿಡಿದುಂಟು," ಎಂದ ಗುಜರಿಯವನು.

"ಕೂತುಕೊಳ್ಳಲಿಕ್ಕೆ," ಎಂದೆ.

ಈಗ ಅದು ನನ್ನ ಜಗುಲಿಯಲ್ಲಿದೆ. ಮಕ್ಕಳು ಬಂದು ಓದಲಿ ಎಂದು ತಂದದ್ದು. ಯಾರೂ ಬರುವುದಿಲ್ಲ, ಎಲ್ಲ ಮನೆಗಳಲ್ಲೂ ಕರೆಂಟಿದೆ. ಸಂಜೆ ನಾನೊಬ್ಬಳೇ ಅದರ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತೇನೆ. ಇಷ್ಟು ವರ್ಷ ನಾನು ಓದಿದ್ದರಲ್ಲಿ ಅರ್ಧ, ಮೇಲಿನ ಮನೆಯಿಂದ ಒಬ್ಬರು ನೋಡುತ್ತಿದ್ದಾರೆ ಎಂಬ ಹಠಕ್ಕೆ ಓದಿದ್ದು. ಈಗ ತಲೆ ಎತ್ತಿದರೆ ಮೇಲೆ ಶೆಡ್ಡಿಲ್ಲ, ದೀಪವಿಲ್ಲ, ಸೋಲಿಸಿ ತೋರಿಸಲಿಕ್ಕೆ ಮನುಷ್ಯನೂ ಇಲ್ಲ. ನಷ್ಟವೇ ಅದು, ಒಪ್ಪುತ್ತೇನೆ. ಗೌರವ ಮಾತ್ರ ಇವತ್ತಿಗೂ ಹುಟ್ಟಿಲ್ಲ. ದೊಡ್ಡಮ್ಮನ ಧ್ವನಿಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಆಮೇಲೆ ಮುಂದಿನ ಪೇಪರು ತೆಗೆಯುತ್ತೇನೆ.